ಕೋಸಂಬರಿ ನೀರು ಬಿಡದ ಹಾಗೆ, ದಿನಾ ಮಾಡೋದು ಹೇಗೆ?

ಹೊಸಮನೆ_ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮದು ಐದು ಜನರ ಮನೆ. ನಾನು, ಯಜಮಾನರು, ಇಬ್ಬರು ಮಕ್ಕಳು (9 ವರ್ಷದ ಮಗಳು, 5 ವರ್ಷದ ಮಗ), ಮತ್ತೆ ಮಾವನವರು. ಮಾವನವರಿಗೆ ಸಕ್ಕರೆ ಕಾಯಿಲೆ ಇದೆ. ಕಟ್ಟಿಸಿದ ಹಲ್ಲು ಬೇರೆ. ಹಸಿ ತರಕಾರಿ ಜಾಸ್ತಿ ಮಾಡಿ, ಅನ್ನ ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದ್ದಾರೆ.

ಒಂದು ವಾರ ಸೌತೆಕಾಯಿ, ಕ್ಯಾರೆಟ್, ಟೊಮೇಟೊ ಬಿಲ್ಲೆ ಹೆಚ್ಚಿ ತಟ್ಟೆಯಲ್ಲಿ ಇಟ್ಟೆ. ಮಕ್ಕಳು ಎರಡು ಚೂರು ತಿಂದರು. ಮಾವನವರು ಕ್ಯಾರೆಟ್ ಅಗಿಯೋಕೆ ಆಗದೆ ಹಾಗೇ ಬಿಟ್ಟರು. ಉಳಿದದ್ದು ಸಂಜೆ ಹುಳಿಗೆ ಹೋಯಿತು.

ಆಮೇಲೆ ಕೋಸಂಬರಿ ಮಾಡೋಣ ಅಂದುಕೊಂಡೆ. ಬೆಳಿಗ್ಗೆ 6 ಗಂಟೆಗೆ ಮಾಡಿ ಡಬ್ಬಿಗೆ ಹಾಕಿದರೆ ಮಧ್ಯಾಹ್ನಕ್ಕೆ ಅರ್ಧ ಡಬ್ಬಿ ನೀರು. ಮಗಳು ಹಾಗೇ ವಾಪಸ್ ತಂದಳು. ರಾಮನವಮಿಗೆ ನಮ್ಮಮ್ಮ ಮಾಡುತ್ತಿದ್ದ ಕೋಸಂಬರಿ ಹೀಗಿರಲಿಲ್ಲ. ಬೇಳೆ ಬಿಡಿಬಿಡಿಯಾಗಿ, ಕಚ್ಚಿದರೆ ಕರುಂ ಅನ್ನುತ್ತಿತ್ತು. ಅಮ್ಮ ಈಗ ಇಲ್ಲ, ಕೇಳೋಣ ಅಂದರೆ.

ನಾನು ಎಲ್ಲಿ ತಪ್ಪುತ್ತಿದ್ದೇನೆ? ಹಬ್ಬಕ್ಕೆ ಮಾತ್ರ ಅಲ್ಲ, ದಿನಾ ಒಂದು ಬಟ್ಟಲು ಆಗುವ ಹಾಗೆ ಏನೇನು ಮಾಡಬಹುದು? ಅಂಗಡಿಯ ಮೇಯನೇಸ್ ಹಾಕುವ ಸಲಾಡ್ ಮಾತ್ರ ಬೇಡ.

ಈಳಿಗೆಮಣೆ

ಮಗೂ, ನೀನು ಅಳತೆ ಬರೆದಿಲ್ಲ. ಆದರೂ ತಪ್ಪು ಎಲ್ಲಿದೆ ಅಂತ ಊಹೆ ಮಾಡಬಲ್ಲೆ. ನೀನು ಉಪ್ಪು ಮೊದಲೇ ಹಾಕುತ್ತಿದ್ದೀಯ. ಸೌತೆಕಾಯಿಯಲ್ಲಿ ಇರುವುದೇ ನೀರು, ನೂರಕ್ಕೆ ತೊಂಬತ್ತೈದು ಪಾಲು. ಉಪ್ಪು ತಾಕಿದ ಕೂಡಲೇ ಆ ನೀರು ಹೊರಗೆ ಬರುತ್ತದೆ. ಅದನ್ನು ತಡೆಯೋಕೆ ಆಗೋದಿಲ್ಲ. ಉಪ್ಪನ್ನು ತಡ ಮಾಡೋದೊಂದೇ ದಾರಿ.

ನಾನು 40 ವರ್ಷದಿಂದ ಮಾಡುವ ಕ್ರಮ ಹೇಳುತ್ತೇನೆ. ಐದು ಜನಕ್ಕೆ ಅರ್ಧ ಲೋಟ ಹೆಸರುಬೇಳೆ ಸಾಕು. ಎರಡು ಮೂರು ಸಲ ತೊಳೆದು ಅರ್ಧ ಗಂಟೆ ನೆನೆಸು. ಮುಕ್ಕಾಲು ಗಂಟೆ ಆದರೂ ಪರವಾಗಿಲ್ಲ, ಅದಕ್ಕಿಂತ ಜಾಸ್ತಿ ಬೇಡ. ಒಂದು ಬೇಳೆ ತೆಗೆದು ಉಗುರಿನಿಂದ ಒತ್ತು. ಟಕ್ ಅಂತ ಮುರಿಯಬೇಕು, ಮೆತ್ತಗೆ ಹಿಟ್ಟಾಗಬಾರದು. ರಾತ್ರಿಯೆಲ್ಲ ನೆನೆಸಿದರೆ ಲೋಳೆಯಾಗುತ್ತದೆ, ವಾಸನೆಯೂ ಬರುತ್ತದೆ. ಕಡಲೆಬೇಳೆ ಆದರೆ ಎರಡು ಗಂಟೆ ಬೇಕು.

ನೆಂದ ಮೇಲೆ ನೀರು ಬಸಿದರೆ ಸಾಲದು. ಇಲ್ಲೇ ಬಹಳ ಜನ ಅವಸರ ಮಾಡುತ್ತಾರೆ. ಬೇಳೆಯನ್ನು ತೂತಿನ ಪಾತ್ರೆಗೆ ಹಾಕಿ ಐದು ನಿಮಿಷ ಬಿಡು. ಆಮೇಲೆ ಒಣ ಬಟ್ಟೆಯ ಮೇಲೆ ಹರವು. ಹತ್ತು ನಿಮಿಷದಲ್ಲಿ ಮೇಲಿನ ತೇವ ಹೋಗುತ್ತದೆ. ನಿಮ್ಮಮ್ಮನ ಬೇಳೆ ಬಿಡಿಬಿಡಿಯಾಗಿ ಇದ್ದದ್ದು ಇದರಿಂದಲೇ ಇರಬೇಕು.

ಸೌತೆಕಾಯಿ ಎಳೆಯದು ತಗೋ. ತೊಟ್ಟಿನ ಕಡೆ ಒಂದು ಚೂರು ಕತ್ತರಿಸಿ ಬಾಯಿಗೆ ಹಾಕಿ ನೋಡು, ಕಹಿ ಇದ್ದರೆ ಅಲ್ಲೇ ಮೊದಲು ಗೊತ್ತಾಗುತ್ತದೆ. ಬೀಜ ಬಲಿತಿದ್ದರೆ ಉದ್ದಕ್ಕೆ ಸೀಳಿ ನಡುವಿನ ತಿರುಳು ತೆಗೆದುಬಿಡು. ತುರಿಯಬೇಡ, ತುರಿದರೆ ಎಲ್ಲ ರಸ. ಕೈಯಲ್ಲಿ ಹಿಡಿದು ಚಾಕುವಿನಿಂದ ಕೊಚ್ಚಿ ಸಣ್ಣಗೆ ಹೆಚ್ಚು. ಬೇಳೆಯಷ್ಟೇ ದಪ್ಪ ಇದ್ದರೆ ಚಮಚಕ್ಕೆ ಎರಡೂ ಒಟ್ಟಿಗೆ ಬರುತ್ತವೆ.

ಬೇಳೆ, ಸೌತೆಕಾಯಿ, ಎರಡು ಚಮಚ ಕಾಯಿತುರಿ, ಕೊತ್ತಂಬರಿ ಸೊಪ್ಪು. ಒಗ್ಗರಣೆಗೆ ಒಂದು ಚಮಚ ಎಣ್ಣೆ, ಸಾಸಿವೆ, ಚಿಟಿಕೆ ಇಂಗು, ಕರಿಬೇವು, ಸೀಳಿದ ಹಸಿಮೆಣಸಿನಕಾಯಿ. ಮಕ್ಕಳಿಗೆ ಆದ್ದರಿಂದ ಮೆಣಸಿನಕಾಯಿ ಸಣ್ಣಗೆ ಹೆಚ್ಚಬೇಡ. ಸೀಳಿ ಹಾಕಿದರೆ ಖಾರ ಎಣ್ಣೆಗೆ ಇಳಿಯುತ್ತದೆ, ಬಡಿಸುವಾಗ ತೆಗೆಯಬಹುದು. ಒಗ್ಗರಣೆ ಪೂರ್ತಿ ಆರಲಿ. ಬಿಸಿ ಸುರಿದರೆ ಸೌತೆಕಾಯಿ ಬಾಡುತ್ತದೆ.

ಎಲ್ಲರೂ ಊಟಕ್ಕೆ ಕೂತ ಮೇಲೆ ಉಪ್ಪು, ನಿಂಬೆರಸ. ಕಲಸು, ಬಡಿಸು. ನಮ್ಮ ಮನೆಯಲ್ಲಿ ಕೋಸಂಬರಿಗೆ ಉಪ್ಪು ಹಾಕುವುದು ಬಡಿಸುವವರ ಕೆಲಸ, ಅಡುಗೆಯವರದ್ದಲ್ಲ.

ಕಡಲತಡಿಯವಳು

ಈಳಿಗೆಮಣೆ ಅಮ್ಮ ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ನಮ್ಮ ಕಡೆ, ಅಂದರೆ ಉಡುಪಿ ಮಂಗಳೂರಿನ ಕಡೆಯವರು ಇದನ್ನು ಓದಿ ಸೀದಾ "ಸೌತೆಕಾಯಿ" ತರಬೇಡಿ. ನಮ್ಮಲ್ಲಿ ಸೌತೆಕಾಯಿ ಅಂದರೆ ಹುಳಿಗೆ ಹಾಕುವ ದಪ್ಪ ಹಳದಿ ಪಟ್ಟೆಯದ್ದು. ಹಸಿ ತಿನ್ನುವುದು ಮುಳ್ಳುಸೌತೆ. ಮದುವೆಯಾಗಿ ಬೆಂಗಳೂರಿಗೆ ಬಂದ ಹೊಸದರಲ್ಲಿ ಅತ್ತೆ ಸೌತೆಕಾಯಿ ತಾ ಅಂದಾಗ ನಾನು ಇಡೀ ಮಾರುಕಟ್ಟೆ ಸುತ್ತಿ ಆ ದಪ್ಪದ್ದನ್ನೇ ಹುಡುಕಿದ್ದೆ.

ಜೋಳದರೊಟ್ಟಿ_ಧಾರವಾಡ

ಅಕ್ಕಾರೇ, ನಿಮ್ಮ ನೀರಿನ ಸಮಸ್ಯೆಗೆ ನಮ್ಮ ಕಡೆ ಬೇರೆ ಉಪಾಯ ಇದೆ. ನಾವು ನೀರು ಬರೋದನ್ನು ತಡೆಯೋದಿಲ್ಲ, ಬಂದ ನೀರನ್ನು ಹಿಂಡಿಗೆ ಕುಡಿಸುತ್ತೇವೆ. ಹಿಂಡಿ ಅಂದರೆ ನೀವು ಚಟ್ನಿಪುಡಿ ಅನ್ನುವುದು.

ನಮ್ಮ ಪಚಡಿ ಹೀಗೆ. ಎಳೆ ಮೆಂತ್ಯ ಸೊಪ್ಪು ಒಂದು ಕಟ್ಟು, ಬೇರು ತೆಗೆದು ಚೆನ್ನಾಗಿ ತೊಳೆದು, ನೀರು ಝಾಡಿಸಿ, ಸಣ್ಣಗೆ ಹೆಚ್ಚಬೇಕು. ಒಂದು ಉಳ್ಳಾಗಡ್ಡಿ, ಒಂದು ಸವತಿಕಾಯಿ, ಬೇಕಾದರೆ ಒಂದು ಗಟ್ಟಿ ಟೊಮೇಟೊ. ಮೇಲೆ ಎರಡು ಚಮಚ ಶೇಂಗಾ ಹಿಂಡಿ ಇಲ್ಲವೇ ಗುರೆಳ್ಳು ಹಿಂಡಿ, ಉಪ್ಪು, ಒಂದೂವರೆ ಚಮಚ ಹಸಿ ಎಣ್ಣೆ. ಕುಸುಬಿ ಎಣ್ಣೆ ಸಿಕ್ಕರೆ ಅದೇ ಆಗಬೇಕು. ಒಗ್ಗರಣೆ ಬೇಡ, ನಿಂಬೆಹಣ್ಣೂ ಬೇಡ. ಬಿಸಿ ರೊಟ್ಟಿ, ಬದನಿಕಾಯಿ ಪಲ್ಲೆ, ಪಕ್ಕದಲ್ಲಿ ಈ ಪಚಡಿ. ಹಿಂಡಿಯೊಳಗೆ ಉಪ್ಪು, ಖಾರ, ಬೆಳ್ಳುಳ್ಳಿ ಎಲ್ಲ ಇರುತ್ತದೆ. ಅದಕ್ಕೇ ಉಪ್ಪು ಸ್ವಲ್ಪ ನೋಡಿ ಹಾಕಿ.

ಚಳಿಗಾಲದಲ್ಲಿ ಹೊಲದ ಕಡೆ ಹಕ್ಕರಕಿ ಸೊಪ್ಪು ಬರುತ್ತದೆ. ಅದನ್ನು ಬಿತ್ತುವುದಿಲ್ಲ, ತಾನೇ ಹುಟ್ಟುತ್ತದೆ. ಸ್ವಲ್ಪ ಒಗರು, ಸ್ವಲ್ಪ ಕಹಿ. ನಮ್ಮ ಅಜ್ಜಿ ಹೊಲದಿಂದ ಬರುವಾಗ ಸೆರಗಿನಲ್ಲಿ ತುಂಬಿಕೊಂಡು ಬರುತ್ತಿದ್ದಳು. ಬಾವಿ ನೀರಿನಲ್ಲಿ ತೊಳೆದು ಹಾಗೇ ರೊಟ್ಟಿಯ ಜೊತೆ ಕೊಡುತ್ತಿದ್ದಳು. ಮೈಸೂರಿನ ಕಡೆ ಅದು ಸಿಗೋದು ಕಷ್ಟ. ಎಳೆ ಮೂಲಂಗಿ ಸೊಪ್ಪು ಹಾಕಿ ನೋಡಿ, ಆ ರುಚಿಗೆ ಸ್ವಲ್ಪ ಹತ್ತಿರ ಬರುತ್ತದೆ.

ತಿಪಟೂರು_ತೆಂಗು

ನನಗೆ ಒಂದು ಅನುಮಾನ. ಹಸಿ ಬೇಳೆ ದಿನಾ ತಿನ್ನಬಹುದಾ? ನಮ್ಮ ಮನೆಯವರಿಗೆ ಕಡಲೆಬೇಳೆ ಕೋಸಂಬರಿ ತಿಂದರೆ ಹೊಟ್ಟೆ ಉಬ್ಬರ ಗ್ಯಾರಂಟಿ. ಹಾಗಾಗಿ ನಾನು ಒಂದು ಕುದಿ ಬರಿಸಿ ಬಸಿಯುತ್ತೇನೆ.

ಈಳಿಗೆಮಣೆ

ಕುದಿಸಿದರೆ ಅದು ಉಸ್ಲಿ ಆಯಿತಲ್ಲವೇನಮ್ಮ. ಕೋಸಂಬರಿಗೆ ಹಸಿತನವೇ ರುಚಿ. ಕಡಲೆಬೇಳೆ ಭಾರ, ನಿಜ. ಹೆಸರುಬೇಳೆ ಹಗುರ, ಅದನ್ನೇ ಮಾಡಿ. ಇಂಗು ಮರೆಯಬೇಡಿ.

ಊಟದ_ಲೆಕ್ಕ

ಇಬ್ಬರ ಮಾತಿನಲ್ಲೂ ಹುರುಳಿದೆ. ನಾನು ಆಹಾರ ಸಲಹೆ ಕೊಡುವ ಕೆಲಸದಲ್ಲಿದ್ದೇನೆ, ಹಾಗಾಗಿ ನಾಲ್ಕು ಮಾತು.

ತೊಳೆದು ನೆನೆಸಿದ ಹೆಸರುಬೇಳೆ ಬಹಳ ಜನಕ್ಕೆ ಒಗ್ಗುತ್ತದೆ. ಒಂದು ಸಲಕ್ಕೆ ಒಬ್ಬರಿಗೆ ಎರಡು ಮೂರು ಚಮಚ ಬೇಳೆ ಸಾಕು, ಉಳಿದದ್ದು ತರಕಾರಿ ಇರಲಿ. ನೆನೆಸಿದ ನೀರು ಚೆಲ್ಲಿಬಿಡಿ. ಆದರೂ ಹೊಟ್ಟೆ ಉಬ್ಬರಿಸುವವರು ಇದ್ದೇ ಇರುತ್ತಾರೆ. ಅವರು ಎರಡು ನಿಮಿಷ ಆವಿಯಲ್ಲಿ ಇಟ್ಟರೆ ತಪ್ಪೇನೂ ಇಲ್ಲ, ಹೆಸರು ಏನಾದರೂ ಇರಲಿ.

ಮೊಳಕೆ ಕಾಳಿನ ಮಾತು ಬೇರೆ. ಮೊಳಕೆ ಬರುವ ಬೆಚ್ಚಗಿನ ತೇವದಲ್ಲಿ ರೋಗಾಣುಗಳೂ ಬೆಳೆಯುತ್ತವೆ. ಚಿಕ್ಕ ಮಕ್ಕಳು, ವಯಸ್ಸಾದವರು, ಗರ್ಭಿಣಿಯರು ಇರುವ ಮನೆಯಲ್ಲಿ ಮೊಳಕೆ ಕಾಳನ್ನು ಚೆನ್ನಾಗಿ ಬೇಯಿಸಿಯೇ ಕೊಡಿ. ನಿಮ್ಮ ಮನೆಯಲ್ಲಿ 5 ವರ್ಷದ ಮಗುವೂ ಇದೆ, ಹಿರಿಯರೂ ಇದ್ದಾರೆ.

ಇನ್ನೊಂದು. ಸಕ್ಕರೆ ಕಾಯಿಲೆ ಇರುವವರು ತರಕಾರಿ, ಬೇಳೆಯನ್ನು ಅನ್ನಕ್ಕಿಂತ ಮೊದಲು ತಿಂದರೆ ಊಟದ ನಂತರ ಸಕ್ಕರೆ ಏರುವುದು ನಿಧಾನವಾಗುತ್ತದೆ. ಎಲೆಯ ಮೇಲೆ ಕೋಸಂಬರಿ ಅನ್ನಕ್ಕೆ ಮೊದಲೇ ಬರುತ್ತದೆ, ಅಲ್ವಾ? ಆದರೆ ಒಂದೇ ಚಮಚ. ಅದನ್ನು ಒಂದು ಬಟ್ಟಲು ಮಾಡಿ, ಹುಳಿ ಅನ್ನಕ್ಕೆ ಕಾಯದೆ ಮೊದಲು ಅದನ್ನೇ ತಿನ್ನಲು ಕೊಡಿ. ಕ್ಯಾರೆಟ್ ಕೋಸಂಬರಿಗೆ ಒಗ್ಗರಣೆ ಎಣ್ಣೆ ಬಿಡಬೇಡಿ. ಕ್ಯಾರೆಟ್‌ನಿಂದ ಸಿಗುವ ಎ ವಿಟಮಿನ್ ಮೈಗೆ ಹತ್ತಲು ಸ್ವಲ್ಪ ಕೊಬ್ಬು ಬೇಕು. ನಿಂಬೆರಸ ಇದ್ದರೆ ಬೇಳೆಯ ಕಬ್ಬಿಣದ ಅಂಶವೂ ಚೆನ್ನಾಗಿ ಹತ್ತುತ್ತದೆ. ನಮ್ಮ ಹಳೆಯ ಅಡುಗೆಯಲ್ಲಿ ಇದೆಲ್ಲ ಒಂದೇ ಬಟ್ಟಲಲ್ಲಿ ಸೇರಿರುವುದು ನೋಡಿದರೆ ನನಗೆ ನಿಜವಾಗಿಯೂ ಸಂತೋಷ ಆಗುತ್ತದೆ.

ಅಡಿಕೆತೋಟ_ಶಿರಸಿ

ಮಾವನವರ ಹಲ್ಲಿನ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಅಪ್ಪನಿಗೂ ಹಾಗೇ ಇತ್ತು. ಅವರಿಗೆ ನಾವು ಸಾಸಿವೆ ಅನ್ನುವ ಮೊಸರಿನ ಪದಾರ್ಥ ಮಾಡುತ್ತಿದ್ದೆವು.

ಎಳೆ ಸೌತೆ ತುರಿದುಕೊಳ್ಳಿ. ಇದಕ್ಕೆ ತುರಿಯಬಹುದು, ನೀರು ಬಂದರೂ ಮೊಸರಿನ ಜೊತೆ ಹೋಗುತ್ತದೆ. ಅರ್ಧ ಲೋಟ ಕಾಯಿತುರಿ ನುಣ್ಣಗೆ ರುಬ್ಬಿ. ಕೊನೆಗೆ ಕಾಲು ಚಮಚ ಸಾಸಿವೆ, ಒಂದು ಹಸಿಮೆಣಸು ಹಾಕಿ ಇನ್ನೊಂದು ಸುತ್ತು ತಿರುಗಿಸಿ. ಸಾಸಿವೆ ಜಾಸ್ತಿಯಾದರೆ, ಜಾಸ್ತಿ ಹೊತ್ತು ರುಬ್ಬಿದರೆ ಕಹಿಯಾಗುತ್ತದೆ. ಹುಳಿಯಿಲ್ಲದ ಗಟ್ಟಿ ಮೊಸರು, ಉಪ್ಪು, ಮೇಲೊಂದು ಒಗ್ಗರಣೆ. ಹಸಿ ಸಾಸಿವೆಯ ಘಾಟು ಮೂಗಿಗೆ ಸ್ವಲ್ಪ ಹತ್ತಬೇಕು, ಅಷ್ಟೇ. ಕ್ಯಾರೆಟ್, ಬೀಟ್‌ರೂಟ್ ಆದರೆ ತುರಿದು ಸ್ವಲ್ಪ ಬೇಯಿಸಿ ಆರಿಸಿ ಹಾಕಿ. ಅಗಿಯುವ ಕಷ್ಟವೇ ಇಲ್ಲ.

ಅಪ್ಪ ಕೊನೆಯ ವರ್ಷಗಳಲ್ಲಿ ಅನ್ನಕ್ಕಿಂತ ಇದನ್ನೇ ಇಷ್ಟಪಟ್ಟು ಉಂಡರು.

ಹೊಸಮನೆ_ಮೈಸೂರು

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ಈಳಿಗೆಮಣೆ ಅಮ್ಮ ಹೇಳಿದ ಹಾಗೆಯೇ ಮಾಡಿದೆ. ಬಟ್ಟೆಯ ಮೇಲೆ ಬೇಳೆ ಹರವಿದಾಗಲೇ ಗೊತ್ತಾಯಿತು, ಬಟ್ಟೆ ಎಷ್ಟು ಒದ್ದೆಯಾಯಿತು ಅಂದರೆ ಹಿಂಡಬಹುದಿತ್ತು. ಅಷ್ಟು ನೀರನ್ನು ನಾನು ಇಷ್ಟು ದಿನ ಬಟ್ಟಲಿಗೆ ಹಾಕುತ್ತಿದ್ದೆ! ರಾತ್ರಿ ಊಟಕ್ಕೆ ಬಹಳ ಚೆನ್ನಾಗಿತ್ತು. ಯಜಮಾನರು ಎರಡು ಸಲ ಹಾಕಿಸಿಕೊಂಡರು.

ಆದರೆ ಡಬ್ಬಿಯದ್ದು ಇನ್ನೂ ಬಗೆಹರಿದಿಲ್ಲ. ಉಪ್ಪು ಹಾಕದೆ ಕಳಿಸಿದೆ. ನೀರು ಬಂದಿರಲಿಲ್ಲ, ಆದರೆ ಸಪ್ಪೆ ಅಂತ ತಿನ್ನಲಿಲ್ಲ. ಮೇಲಾಗಿ ಸ್ವಲ್ಪ ಹಳಸಿದ ವಾಸನೆ ಬಂತಂತೆ.

ಎರಡು_ಡಬ್ಬಿ_ಅಪ್ಪ

ಅಕ್ಕ, ಹಳಸಿದ್ದು ಕಾಯಿತುರಿ. ನಾನೂ ಇದೇ ಕಷ್ಟ ಪಟ್ಟವನು. ನನ್ನ ಹೆಂಡತಿಗೆ ಬೆಳಗಿನ ಪಾಳಿ ಕೆಲಸ, ಹಾಗಾಗಿ ಮಕ್ಕಳ ಡಬ್ಬಿ ನಾನೇ ಕಟ್ಟೋದು. ಹಸಿ ತೆಂಗಿನಕಾಯಿ ಬೇಸಿಗೆಯಲ್ಲಿ ಮುಚ್ಚಿದ ಡಬ್ಬಿಯಲ್ಲಿ ನಾಲ್ಕೈದು ಗಂಟೆ ತಡೆಯೋದಿಲ್ಲ. ಡಬ್ಬಿಯ ಕೋಸಂಬರಿಗೆ ಕಾಯಿ ಬಿಟ್ಟುಬಿಡಿ. ಬದಲಿಗೆ ಹುರಿದು ಸಿಪ್ಪೆ ತೆಗೆದ ಕಡಲೆಬೀಜದ ತರಿ ಪುಡಿ ಹಾಕಿ. ಜೋಳದರೊಟ್ಟಿಯವರು ಹೇಳಿದ ಹಾಗೆ ಅದು ನೀರನ್ನೂ ಹೀರುತ್ತದೆ. ಮಗಳ ತರಗತಿಯಲ್ಲಿ ಕಡಲೆಬೀಜ ಆಗದ ಮಗು ಇದೆಯಾ ಅಂತ ಮೊದಲು ಕೇಳಿ.

ಡಬ್ಬಿಗೆ ಸೌತೆಕಾಯಿಯೂ ಬೇಡ. ಕ್ಯಾರೆಟ್ ಕೊಚ್ಚಿದ್ದು, ದಾಳಿಂಬೆ ಕಾಳು, ಹೆಸರುಬೇಳೆ, ಒಗ್ಗರಣೆ. ಇವು ಅಷ್ಟೊಂದು ನೀರು ಬಿಡುವುದಿಲ್ಲ. ಉಪ್ಪಿಗೆ ನಾನು ಹೀಗೆ ಮಾಡುತ್ತೇನೆ. ಚಿಕ್ಕ ಮುಚ್ಚಳದ ಡಬ್ಬಿಯಲ್ಲಿ ಕಾಲು ಚಮಚ ಉಪ್ಪು, ಕಾಳುಮೆಣಸಿನ ಪುಡಿ, ಬೇರೆ ಒಂದು ನಿಂಬೆ ಹೋಳು. ಮಗಳೇ ಹಿಂಡಿ ಕಲಸಿಕೊಳ್ಳುತ್ತಾಳೆ. ಮೊದಮೊದಲು ಚೆಲ್ಲಿಕೊಂಡು ಬರುತ್ತಿದ್ದಳು. ಈಗ ಗೆಳತಿಯರಿಗೂ ಕಲಸಿ ಕೊಡುತ್ತಾಳೆ.

ದೂರದ_ಮನೆ

ನಾನು ಕೆನಡಾದಿಂದ ಬರೆಯುತ್ತಿದ್ದೇನೆ. ಇಲ್ಲಿ ಇರುವ ಕನ್ನಡದವರಿಗಾಗಿ ಎರಡು ಮಾತು. ಪ್ಲಾಸ್ಟಿಕ್ ಸುತ್ತಿದ ಉದ್ದನೆಯ ಸೌತೆಕಾಯಿ ತಗೊಳ್ಳಿ, ಸಿಪ್ಪೆ ತೆಳು, ಬೀಜ ಇಲ್ಲವೇ ಇಲ್ಲ ಅನ್ನಬಹುದು, ಕಹಿಯೂ ಇರುವುದಿಲ್ಲ. ದೊಡ್ಡ ಹಳದಿ ನಿಂಬೆಹಣ್ಣಿಗೆ ನಮ್ಮ ನಿಂಬೆಯ ರುಚಿ ಇಲ್ಲ, ಹಸಿರು ಲೈಮ್ ಹಿಂಡಿ. ಫ್ರೀಜರಿನ ಕಾಯಿತುರಿ ಪೂರ್ತಿ ಕರಗಿ, ಹಿಂಡಿ, ಆಮೇಲೆ ಹಾಕಿ. ಇಲ್ಲದಿದ್ದರೆ ಆ ನೀರೂ ಬಟ್ಟಲಿಗೆ ಬರುತ್ತದೆ.

ಜನವರಿಯ ಚಳಿಯಲ್ಲಿ ಒಗ್ಗರಣೆಗೆ ಇಂಗು ಬಿದ್ದ ವಾಸನೆ ಬಂದರೆ, ಹಾಸನದ ನಮ್ಮ ಅಡುಗೆಮನೆಯಲ್ಲೇ ನಿಂತ ಹಾಗಾಗುತ್ತದೆ.

ತಿಪಟೂರು_ತೆಂಗು

ಇನ್ನೊಂದು ದಾರಿ ಇದೆ. ನಾನು ಸೌತೆಕಾಯಿಗೆ ಮೊದಲೇ ಉಪ್ಪು ಹಾಕಿ, ಹತ್ತು ನಿಮಿಷ ಬಿಟ್ಟು, ಗಟ್ಟಿಯಾಗಿ ಹಿಂಡಿಬಿಡುತ್ತೇನೆ. ಆಮೇಲೆ ನೀರು ಬರೋದೇ ಇಲ್ಲ.

ಈಳಿಗೆಮಣೆ

ಹಾಗೆ ಹಿಂಡಿದರೆ ಸೌತೆಕಾಯಿ ಚರ್ಮದ ಹಾಗೆ ಆಗುತ್ತದೆ, ತಂಪು ಗುಣವೂ ಹೋಗುತ್ತದೆ ಅನ್ನುವುದು ನನ್ನ ಅನುಭವ. ನನಗಂತೂ ಇಷ್ಟವಿಲ್ಲ.

ತಿಪಟೂರು_ತೆಂಗು

ಚರ್ಮ ಆಗೋದು ಅರ್ಧ ಗಂಟೆ ಬಿಟ್ಟರೆ ಅಮ್ಮ. ಹತ್ತೇ ನಿಮಿಷ ಸಾಕು. ಹಿಂಡಿದ ನೀರನ್ನು ನಾನು ಚೆಲ್ಲೋದಿಲ್ಲ, ಮಜ್ಜಿಗೆಗೆ ಸೇರಿಸುತ್ತೇನೆ. ಅದಕ್ಕೆ ಬೇರೆ ಉಪ್ಪು ಬೇಡ. ನೆಂಟರು 20 ಜನ ಬಂದಾಗ, ಕೂತ ಮೇಲೆ ಉಪ್ಪು ಕಲಸುತ್ತಾ ನಿಲ್ಲೋಕೆ ಆಗಲ್ಲ. ಆಗ ಇದೇ ಗತಿ.

ಈಳಿಗೆಮಣೆ

ಮಜ್ಜಿಗೆಗೆ ಹಾಕುವುದು ಒಳ್ಳೆಯ ಯೋಚನೆ. 20 ಜನಕ್ಕೆ ನೀನು ಹೇಳಿದ್ದೇ ಸರಿ, ಒಪ್ಪುತ್ತೇನೆ. ಮನೆಯ ಐದು ಜನಕ್ಕೆ ನನ್ನದೇ ಇರಲಿ.

ಕಡಲತಡಿಯವಳು

ಹಿತ್ತಲಲ್ಲಿ ಬಾಳೆ ಇರುವವರು ದಿಂಡನ್ನು ಬಿಸಾಡಬೇಡಿ. ಗೊನೆ ಕಡಿದ ದಿನವೇ ಹೊರಗಿನ ಪದರ ಎಲ್ಲ ಬಿಡಿಸುತ್ತಾ ಹೋಗಿ, ನಡುವಿನ ಬೆಳ್ಳಗಿನ ದಿಂಡು ಸಿಗುತ್ತದೆ. ತೆಳ್ಳಗೆ ಬಿಲ್ಲೆ ಕೊಯ್ಯುವಾಗ ಪ್ರತಿ ಬಿಲ್ಲೆಯಿಂದಲೂ ದಾರದಂಥ ನಾರು ಬರುತ್ತದೆ. ಅದನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ತೆಗೆಯಬೇಕು. ನಾರು ಬಿಟ್ಟರೆ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. ಹೆಚ್ಚಿದ್ದನ್ನು ಕೂಡಲೇ ನೀರುಮಜ್ಜಿಗೆಗೆ ಹಾಕಿ, ಇಲ್ಲದಿದ್ದರೆ ಕಪ್ಪಾಗುತ್ತದೆ. ಹಿಂಡಿ ತೆಗೆದು ಹೆಸರುಬೇಳೆ, ಕಾಯಿ, ಹಸಿಮೆಣಸು, ಲಿಂಬೆರಸ. ಇಷ್ಟು ಗರಿಗರಿ ಕೋಸಂಬರಿ ಬೇರೆ ಯಾವುದರಲ್ಲೂ ಬರುವುದಿಲ್ಲ. ಕೆಲಸ ಜಾಸ್ತಿ, ನಿಜ. ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಮಾಡಿ. ನಾರು ಸುತ್ತುವುದು ಅವರಿಗೆ ಬಹಳ ಇಷ್ಟ.

ಜೋಳದರೊಟ್ಟಿ_ಧಾರವಾಡ

ಒಂದು ಮಾತು ಬಿಟ್ಟಿದ್ದೆ. ಉಳ್ಳಾಗಡ್ಡಿ ಖಾರ ಇದ್ದರೆ ಮಕ್ಕಳು ತಿನ್ನೋದಿಲ್ಲ. ಹೆಚ್ಚಿ ಹತ್ತು ನಿಮಿಷ ತಣ್ಣೀರಿನಲ್ಲಿ ಹಾಕಿ ಬಸಿದರೆ ಘಾಟು ಇಳಿಯುತ್ತದೆ. ಮತ್ತೆ ಮೆಂತ್ಯ ಬಲಿತಿದ್ದರೆ ಪಚಡಿ ಬೇಡ, ಪಲ್ಲೆ ಮಾಡಿ. ಪಚಡಿಗೆ ಗೇಣುದ್ದಕ್ಕಿಂತ ಗಿಡ್ಡ ಇರುವ ಎಳೆಯದೇ ಆಗಬೇಕು.

ಹೊಸಮನೆ_ಮೈಸೂರು

ಹತ್ತು ದಿನ ಆಯಿತು, ಏನೇನಾಯಿತು ಅಂತ ಹೇಳಬೇಕು ಅನ್ನಿಸಿತು.

ಸೋಮವಾರ, ಗುರುವಾರ ಹೆಸರುಬೇಳೆ ಕೋಸಂಬರಿ. ಮಂಗಳವಾರ ಮಾವನವರಿಗೆ ಸೌತೆ ಸಾಸಿವೆ. ಮೊದಲ ಸಲ ಸಾಸಿವೆ ಅರ್ಧ ಚಮಚ ಹಾಕಿಬಿಟ್ಟು ಕಹಿಯಾಯಿತು. ಎರಡನೇ ಸಲ ಕಾಲು ಚಮಚಕ್ಕೆ ನಿಲ್ಲಿಸಿದೆ, ಸರಿಹೋಯಿತು. ಬುಧವಾರ ಚಪಾತಿಯ ಜೊತೆ ಮೆಂತ್ಯ ಪಚಡಿ. ಗುರೆಳ್ಳು ಸಿಗಲಿಲ್ಲ, ಮನೆಯಲ್ಲಿದ್ದ ಕಡಲೆಬೀಜದ ಚಟ್ನಿಪುಡಿ ಹಾಕಿದೆ. ಮಗ ಮೆಂತ್ಯ ಅಂತ ಗೊತ್ತಾಗದೆ ತಿಂದ, ಗೊತ್ತಾದ ಮೇಲೂ ತಿಂದ.

ಮಗಳ ಡಬ್ಬಿ ನಾಲ್ಕು ದಿನ ಖಾಲಿ ಬಂತು. ನಿಂಬೆ ಹೋಳು ಹಿಂಡುವುದೇ ಅವಳಿಗೆ ಖುಷಿ. ಬೇಳೆ ಬಟ್ಟೆಯ ಮೇಲೆ ಹರವುವ ಕೆಲಸ ಈಗ ಅವಳದ್ದೇ. ಉಗುರಿನಿಂದ ಒತ್ತಿ ನೋಡಿ "ಅಮ್ಮಾ, ಆಯ್ತು" ಅಂತ ಕೂಗುತ್ತಾಳೆ.

ಮಾವನವರು ಮಾತು ಕಡಿಮೆ. ನಿನ್ನೆ ಊಟಕ್ಕೆ ಕೂತವರು ಅನ್ನ ಬಡಿಸೋಕೆ ಹೋದಾಗ ಕೈ ಅಡ್ಡ ಹಿಡಿದು, "ಇರಮ್ಮ, ಮೊದಲು ಆ ಬಟ್ಟಲು ಕೊಡು" ಅಂದರು.

ಅಂಗಡಿಯಲ್ಲಿ ತೋತಾಪುರಿ ಮಾವಿನಕಾಯಿ ಬಂದಿದೆ. ಅಮ್ಮ ಮಾವಿನಕಾಯಿ ತುರಿ ಹಾಕುತ್ತಿದ್ದ ನೆನಪು. ಅದಕ್ಕೆ ನಿಂಬೆರಸವೂ ಬೇಕಾ?

ಈಳಿಗೆಮಣೆ

ಬೇಡ ಮಗೂ, ಮಾವಿನ ಹುಳಿಯೇ ಸಾಕು. ಅರ್ಧ ಲೋಟ ಬೇಳೆಗೆ ಎರಡು ಚಮಚ ತುರಿ ಹಾಕಿ ರುಚಿ ನೋಡು, ಬೇಕಾದರೆ ಇನ್ನೊಂದು ಚಮಚ. ಉಪ್ಪು ಕೊನೆಗೆ.